ಮನೆಯ ಕಣ್ಣು ಮರೆಯಾದ ಮೇಲೆ

ಮುಂಗಾರು ಹಿಡಿದು ಹೊಲಗಳಲ್ಲಿ ರಾಗಿಯ ಬಿತ್ತನೆಗೆ ಸಿದ್ಧತೆ ನಡೆಯುವ ದಿನಗಳಲ್ಲಿ ಒಮ್ಮೆ ಅರಸೀಕೆರೆಯ ರೈಲು ನಿಲ್ದಾಣಕ್ಕೆ ಹೋಗಿ ನಿಂತು ನೋಡಬೇಕು. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಸಾಗುವ ಹಾದಿಗೆ ಮೈಸೂರು, ಹಾಸನಗಳ ಹಾದಿ ಬಂದು ಕೂಡುವ ಸ್ಥಳ ಅದು. ಬೇಲೂರು, ಹಳೇಬೀಡುಗಳ ಕಡೆಯಿಂದ ಬಸ್ಸಿನಲ್ಲಿ ಬಂದವರು, ಸುತ್ತಲ ಹಳ್ಳಿಗಳಿಂದ ಬೈಕು ಆಟೋಗಳಲ್ಲಿ ಬಂದವರು ಅಲ್ಲಿ ಗುಂಪು ಗುಂಪಾಗಿ ನಿಂತಿರುತ್ತಾರೆ. ಪ್ರತಿಯೊಂದು ಗುಂಪಿನ ನಡುವೆ ಹದಿನೇಳು ಹದಿನೆಂಟರ ಪ್ರಾಯದ ಒಬ್ಬ ಮಗನೋ ಮಗಳೋ ಇರುವುದುಂಟು. ಹೊಸ ಚೀಲ, ಹೊಸ ಚಪ್ಪಲಿ, ಹುರಿಹಿಟ್ಟಿನ ಡಬ್ಬಿ, ಚಟ್ನಿಪುಡಿ, ನಾಲ್ಕು ಉಂಡೆ ಕೊಬ್ಬರಿ. ತಂದೆ ಟಿಕೀಟನ್ನು ಮತ್ತೆ ಮತ್ತೆ ನೋಡುತ್ತಾನೆ. ತಾಯಿ ಹೇಳಿದ ಮಾತನ್ನೇ ಮತ್ತೆ ಹೇಳುತ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಹೋದೊಡನೆ ಫೋನು ಮಾಡು, ಹುಷಾರು. ರೈಲು ಹೊರಡುತ್ತದೆ. ಕಿಟಕಿಯಲ್ಲಿ ಕಾಣುತ್ತಿದ್ದ ಮುಖ ಮರೆಯಾಗುತ್ತದೆ. ಆ ಕ್ಷಣದಿಂದ ಒಂದು ಮನೆಯ ಕಣ್ಣು ಆ ಮಗುವಿನ ಮೇಲಿಂದ ಎದ್ದುಹೋಗುತ್ತದೆ.

ಪ್ರಿಯ ವಾಚಕರೇ, ಈ ವರ್ಷ ಹಾಗೆ ಹೊರಡಲಿರುವ ಮಕ್ಕಳು ನಿಮ್ಮ ಮನೆಯಲ್ಲಿಯೂ ಇರಬಹುದು. ಇದನ್ನು ಓದುತ್ತಿರುವವರೇ ಹೊರಡಲಿರುವ ವಿದ್ಯಾರ್ಥಿಗಳೂ ಆಗಿರಬಹುದು. ಈ ಸಾಲುಗಳನ್ನು ಬರೆಯುತ್ತಿರುವವನೂ ಹಲವು ದಶಕಗಳ ಹಿಂದೆ ಅದೇ ನಿಲ್ದಾಣದಿಂದ ಹೊರಟು, ಮಠವೊಂದರ ಪ್ರಸಾದನಿಲಯದಲ್ಲಿ ಉಂಡು ಓದಿದವನು. ಆದುದರಿಂದ ಉಪದೇಶ ಮಾಡುವ ಅಧಿಕಾರ ನನಗಿದೆಯೆಂದು ಬರೆಯುತ್ತಿಲ್ಲ. ಎಡವಿದವನಿಗೆ ಕಲ್ಲು ಎಲ್ಲಿದೆಯೆಂದು ಹೇಳುವ ಹೊಣೆ ಇರುತ್ತದೆ. ಅಷ್ಟೇ ನನ್ನ ಅಧಿಕಾರ.

ಮೊದಲು ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಮನೆಯಲ್ಲಿದ್ದಾಗ ಒಳ್ಳೆಯವನಾಗಿದ್ದ ಹುಡುಗನು ಮನೆ ಬಿಟ್ಟ ಮೇಲೆಯೂ ಒಳ್ಳೆಯವನಾಗಿಯೇ ಉಳಿಯುವನೇ ಎಂಬುದು ತಂದೆತಾಯಿಗಳ ಚಿಂತೆ. ಆದರೆ ಅದಕ್ಕೂ ಹಿಂದಿನ ಪ್ರಶ್ನೆಯೊಂದಿದೆ: ಮನೆಯಲ್ಲಿದ್ದಾಗ ಅವನು ನಿಜವಾಗಿಯೂ ಒಳ್ಳೆಯವನಾಗಿದ್ದನೇ? ತಾಯಿ ಎಬ್ಬಿಸುತ್ತಿದ್ದುದರಿಂದ ಅವನು ಬೆಳಗಿನ ಜಾವ ಏಳುತ್ತಿದ್ದ. ಬೀದಿಯಲ್ಲಿ ಚಿಕ್ಕಪ್ಪನೋ ಮಾವನೋ ಎದುರಾಗುವ ಭಯದಿಂದ ಸಲ್ಲದ ಅಂಗಡಿಯ ಮುಂದೆ ನಿಲ್ಲುತ್ತಿರಲಿಲ್ಲ. ಹಳ್ಳಿಯಲ್ಲಿ ಸುಳ್ಳು ಸಂಜೆಯೊಳಗೆ ಬಯಲಾಗುವುದರಿಂದ ಸುಳ್ಳಾಡುತ್ತಿರಲಿಲ್ಲ. ಇದೆಲ್ಲವನ್ನೂ ಕೂಡಿಸಿ ನಾವು ಅವನಿಗೆ ಸದ್ವರ್ತನೆಯವನೆಂಬ ಹೆಸರಿಟ್ಟೆವು. ಬೇಲಿ ಭದ್ರವಾಗಿರುವ ಹೊಲಕ್ಕೆ ದನ ನುಗ್ಗದಿದ್ದರೆ ಅದನ್ನು ದನದ ಸದ್ಗುಣವೆಂದು ಯಾರೂ ಹೊಗಳುವುದಿಲ್ಲ.

ಹಾಗೆಂದು ಬೇಲಿಯನ್ನು ಹಳಿಯುವುದೂ ತರವಲ್ಲ. ಎಳೆಯ ಸಸಿಗೆ ಬೇಲಿ ಬೇಕು. ಅಂಜಿಕೆಯಿಂದ ಆರಂಭವಾದ ಎಷ್ಟೋ ಅಭ್ಯಾಸಗಳು ಮುಂದೆ ಪ್ರೀತಿಯಾಗಿ ಬೆಳೆಯುತ್ತವೆ. ಬೆತ್ತಕ್ಕೆ ಹೆದರಿ ಅಕ್ಷರ ಕಲಿತವನು ಮುಂದೆ ಓದಿನ ರುಚಿ ಹತ್ತಿ ತಾನಾಗಿಯೇ ಓದುತ್ತಾನೆ. ಆದರೆ ತೆಂಗಿನ ಸಸಿಯನ್ನು ನೆಟ್ಟವನು ಅದರ ಸುತ್ತ ಕಟ್ಟಿದ ಮುಳ್ಳನ್ನು ಜೀವಮಾನವಿಡೀ ಕಾಯುತ್ತ ಕೂರುವುದಿಲ್ಲ. ಒಂದು ದಿನ ಮುಳ್ಳು ಉದುರಲೇಬೇಕು. ಆಗ ಮರವು ತನ್ನ ಬೇರಿನ ಬಲದಿಂದಲೇ ನಿಲ್ಲಬೇಕು. ಕಾಲೇಜಿಗೆಂದು ಊರು ಬಿಡುವ ದಿನವೇ ಆ ಮುಳ್ಳು ಉದುರುವ ದಿನ. ಕಾಲೇಜಿನವರು ನಡೆಸುವ ಪರೀಕ್ಷೆ ಬರುವುದು ತಿಂಗಳುಗಳ ನಂತರ. ಈ ಪರೀಕ್ಷೆ ಮೊದಲ ರಾತ್ರಿಯೇ ಆರಂಭವಾಗುತ್ತದೆ. ಇದಕ್ಕೆ ಪರೀಕ್ಷಕರೂ ನೀವೇ, ಅಂಕ ಕೊಡುವವರೂ ನೀವೇ. ಅದೇ ಇದರ ಕಷ್ಟ.

ಇಂದಿನ ಕೆಲವು ತಂದೆತಾಯಿಗಳು ಬೇಲಿಯನ್ನು ಜೊತೆಯಲ್ಲಿಯೇ ಕಳುಹಿಸಲು ನೋಡುತ್ತಾರೆ. ದಿನಕ್ಕೆ ಮೂರು ಬಾರಿ ಕರೆ ಮಾಡಿ, ಮುಖ ತೋರಿಸೆಂದು ಕೇಳಿ, ಎಲ್ಲಿದ್ದೀಯೆ ಎಂದು ಮೊಬೈಲಿನ ನಕ್ಷೆಯಲ್ಲಿ ಹುಡುಕುವವರಿದ್ದಾರೆ. ಅವರ ಆತಂಕ ಅರ್ಥವಾಗದ ವಿಷಯವಲ್ಲ. ಆದರೆ ಕಾವಲು ಉದ್ದವಾದಷ್ಟೂ ಕಾವಲನ್ನು ತಪ್ಪಿಸುವ ಜಾಣ್ಮೆಯೂ ಉದ್ದವಾಗುತ್ತದೆ. ನಡತೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಕಂಡ ಪರಂಪರೆ ನಮ್ಮದು. ದೇವರನ್ನು ಗುಡಿಯಲ್ಲಿ ಬಿಟ್ಟುಬರದೆ ಮೈಮೇಲೆ ಧರಿಸಿಕೊಂಡು ನಡೆಯಬೇಕೆಂದು ಶರಣರು ಹೇಳಿದರು. ಮನೆ ಸ್ಥಾವರ, ಅದು ಇದ್ದ ಕಡೆಯೇ ಇರುತ್ತದೆ. ಮನೆಯಲ್ಲಿ ಕಲಿತದ್ದು ಜಂಗಮವಾಗಬೇಕು. ಹಾಗಾಗದಿದ್ದರೆ ಕಲಿತದ್ದು ಹೊಸ್ತಿಲಿನಲ್ಲಿಯೇ ಉಳಿಯಿತೆಂದು ತಿಳಿಯಬೇಕು.

ಈ ವಿಚಾರಕ್ಕೆ ನಮ್ಮ ನೆರೆಯಲ್ಲಿಯೇ ಒಂದು ಸಾಕ್ಷಿಯಿದೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೀವೆಲ್ಲರೂ ನೋಡಿದ್ದೀರಿ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ನಮಗೆಲ್ಲ ಹೆಮ್ಮೆಯ ಸಂಗತಿ. ಬೇಲೂರಿನ ಮದನಿಕೆಯರನ್ನು ತಲೆಯೆತ್ತಿ ನೋಡುವ ಪ್ರವಾಸಿಗಳು ಬಹಳ. ಅವುಗಳ ಅಡಿಯಲ್ಲಿ ಕೆತ್ತಿರುವ ಹೆಸರುಗಳನ್ನು ಓದುವವರು ಕಡಿಮೆ. ದಾಸೋಜ, ಅವನ ಮಗ ಚಾವಣ ಎಂಬ ಇಬ್ಬರು ರೂವಾರಿಗಳ ಹೆಸರು ಅಲ್ಲಿವೆ. ಅವರು ಬಳ್ಳಿಗಾವೆಯವರು, ಎಂದರೆ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ, ಅಲ್ಲಮಪ್ರಭುವಿನ ಹುಟ್ಟೂರೆಂದು ನಾವು ನೆನೆಯುವ ಊರಿನವರು. ರೈಲಿಲ್ಲದ, ಮೋಟಾರಿಲ್ಲದ ಕಾಲದಲ್ಲಿ ತಂದೆ ಮಗ ಇಬ್ಬರೂ ಉಳಿಗಳನ್ನು ಕಟ್ಟಿಕೊಂಡು ಅಷ್ಟು ದೂರ ಬಂದು, ಪರಸ್ಥಳದಲ್ಲಿ ನೆಲೆಸಿ ಕೆಲಸ ಮಾಡಿದರು. ಮುಗಿದ ಕೆಲಸದ ಕೆಳಗೆ ತಮ್ಮ ಹೆಸರಿನೊಡನೆ ಊರಿನ ಹೆಸರನ್ನೂ ಬಿಟ್ಟುಹೋದರು.

ಊರಿನ ಹೆಸರನ್ನು ಏಕೆ ಬರೆದರು? ಬಳ್ಳಿಗಾವೆಯಿಂದ ಯಾರೋ ಬಂದು ಪರಿಶೀಲಿಸುತ್ತಾರೆಂಬ ಭಯ ಅವರಿಗೆ ಇದ್ದಿರಲಾರದು. ಆದರೆ ಹೆಸರು ಬರೆಯುವವನು ಒಂದು ಹೊಣೆಯನ್ನು ಹೊರುತ್ತಾನೆ. ಈ ಕೆಲಸ ಕೆಟ್ಟರೆ ನಾನು ಮಾತ್ರವಲ್ಲ, ನನಗೆ ಉಳಿ ಹಿಡಿಯಲು ಕಲಿಸಿದ ಊರೂ ಕೆಡುತ್ತದೆ ಎಂಬುದೇ ಆ ಹೊಣೆ. ಇದು ಕಾವಲಿಗೆ ಅಂಜುವ ಮನಸ್ಸಲ್ಲ. ತನ್ನ ಊರನ್ನು ತಾನೇ ಹೊತ್ತು ನಡೆಯುವ ಮನಸ್ಸು. ವಿದ್ಯಾರ್ಥಿ ಮಿತ್ರರೇ, ನೀವು ಇಂದಿನಿಂದ ಮಾಡುವ ಪ್ರತಿಯೊಂದು ಕೆಲಸದ ಅಡಿಯಲ್ಲಿ, ಯಾರೂ ಓದದಿದ್ದರೂ, ಅರಸೀಕೆರೆಯದೋ ಜಾವಗಲ್ಲಿನದೋ ಹಳೇಬೀಡಿನದೋ ಹೆಸರು ಕೆತ್ತಲ್ಪಡುತ್ತದೆಯೆಂದು ಭಾವಿಸಿ ನೋಡಿ.

ಆ ಶಿಲ್ಪಗಳ ಕಲ್ಲಿನ ವಿಷಯವೂ ಮನನ ಮಾಡತಕ್ಕದ್ದು. ಹೊಯ್ಸಳರ ಕಾಲದವರು ಬಳಸಿದ ಬಳಪದ ಕಲ್ಲು ಗಣಿಯಿಂದ ಹೊರತೆಗೆದಾಗ ಮೃದುವಾಗಿರುತ್ತದೆ. ಅದರಲ್ಲಿ ಕೂದಲೆಳೆಯಂತಹ ರೇಖೆಯನ್ನೂ ಬಿಡಿಸಬಹುದು. ಗಾಳಿಗೆ ಒಡ್ಡಿ ಕಾಲ ಕಳೆದಂತೆ ಅದು ಗಡುಸಾಗುತ್ತದೆ. ಆಗ ಬಿದ್ದ ಗೆರೆ ಶಾಶ್ವತವಾಗಿ ಉಳಿಯುತ್ತದೆ. ಊರಿನ ಗಣಿಯಿಂದ ಆಗತಾನೆ ಹೊರಬಂದ ವಿದ್ಯಾರ್ಥಿಯ ಮನಸ್ಸೂ ಹಾಗೆಯೇ. ಮೊದಲ ವರ್ಷದಲ್ಲಿ, ಅದರಲ್ಲಿಯೂ ಮೊದಲ ಕೆಲವು ತಿಂಗಳುಗಳಲ್ಲಿ, ಯಾವ ಗೆಳೆಯ ಯಾವ ಗೆರೆ ಎಳೆದರೂ ಅದು ಮೂಡುತ್ತದೆ. ಆದುದರಿಂದ ಉಳಿಯನ್ನು ಯಾರ ಕೈಗೆ ಕೊಡುತ್ತೇವೆಂಬ ಎಚ್ಚರ ಆಗಲೇ ಬೇಕು. ಎಲ್ಲರೊಡನೆಯೂ ನಗುತ್ತ ಮಾತನಾಡಿ. ಆಪ್ತ ಗೆಳೆಯರನ್ನು ಆರಿಸಿಕೊಳ್ಳುವುದಕ್ಕೆ ಮಾತ್ರ ಅವಸರಪಡಬೇಡಿ. ನಿಮ್ಮೆದುರಿಗೆ ಇಲ್ಲದವರ ವಿಷಯವಾಗಿ ಹೇಗೆ ಮಾತನಾಡುತ್ತಾನೆ, ಪಡೆದ ಸಾಲವನ್ನು ಹೇಗೆ ಹಿಂತಿರುಗಿಸುತ್ತಾನೆ, ಊಟ ಬಡಿಸುವವರನ್ನು ಹೇಗೆ ಕರೆಯುತ್ತಾನೆ — ಈ ಮೂರನ್ನು ನೋಡಿದರೆ ಒಬ್ಬನನ್ನು ತಕ್ಕಮಟ್ಟಿಗೆ ಅರಿಯಬಹುದು.

ಇನ್ನು ನಾನು ಎಡವಿದ ಕಲ್ಲಿನ ವಿಷಯ.

ನಮ್ಮದು ತೆಂಗಿನ ಊರು. ತೆಂಗಿನಕಾಯಿಯನ್ನು ಕಿತ್ತೊಡನೆ ಮಾರಿದರೆ ಬರುವ ಹಣವೇ ಬೇರೆ, ಕೊಬ್ಬರಿ ಮಾಡಿ ಮಾರಿದರೆ ಬರುವ ಹಣವೇ ಬೇರೆ. ಕೊಬ್ಬರಿಯಾಗಬೇಕಾದರೆ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂರಬೇಕು. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಅಲುಗಿಸಿದರೆ ಒಳಗೆ ಗಡಗಡ ಎನ್ನಬೇಕು. ಅಲ್ಲಿಯವರೆಗೆ ಕಾಯುವುದೇ ರೈತನ ಉಳಿತಾಯ. ನನ್ನ ತಂದೆಯವರಿಗೆ ಬ್ಯಾಂಕಿನಲ್ಲಿ ಲೆಕ್ಕವಿರಲಿಲ್ಲ; ಅಟ್ಟವೇ ಅವರ ಬ್ಯಾಂಕು.

ಪದವಿಯ ಮೊದಲ ವರ್ಷದ ಪರೀಕ್ಷೆಯಲ್ಲಿ ನಾನು ಎರಡು ವಿಷಯಗಳಲ್ಲಿ ಅನುತ್ತೀರ್ಣನಾದೆ. ಫಲಿತಾಂಶ ಬಂದಾಗ ನಾನು ವಿದ್ಯಾರ್ಥಿನಿಲಯದಲ್ಲಿದ್ದೆ. ಊರಿಗೆ ಕಾಗದ ಬರೆದೆ: ಕ್ಷೇಮ, ಪರೀಕ್ಷೆ ಪಾಸಾಗಿದೆ. ತಂದೆಯವರಿಗೆ ಅಕ್ಷರ ಬರುತ್ತಿರಲಿಲ್ಲ. ಊರಿನ ಶಾಲೆಯ ಮೇಷ್ಟ್ರು ಓದಿ ಹೇಳುತ್ತಿದ್ದರು. ಅವರಿಗೆ ನೋವಾಗಬಾರದೆಂಬ ಕಾರಣದಿಂದ ಸುಳ್ಳು ಹೇಳುತ್ತಿದ್ದೇನೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಂದೆ ಆ ಎರಡು ವಿಷಯಗಳಿಗೆ ಮತ್ತೆ ಶುಲ್ಕ ಕಟ್ಟಬೇಕಾಗಿ ಬಂದಾಗ ಪುಸ್ತಕಗಳಿಗೆ ಹಣ ಬೇಕೆಂದು ಬರೆದೆ. ಹಣ ಬಂದಿತು. ಮನಿಯಾರ್ಡರಿನ ಚೀಟಿಯ ಮೇಲೆ ಮೇಷ್ಟ್ರ ಅಕ್ಷರದಲ್ಲಿ ಎರಡು ಸಾಲು: ಅಟ್ಟದ ಕಾಯಿ ಮಾರಿ ಕಳಿಸಿದ್ದೇನೆ, ಪುಸ್ತಕ ಜೋಪಾನವಾಗಿಟ್ಟುಕೊ. ಇನ್ನು ನಾಲ್ಕೈದು ತಿಂಗಳು ಬಿಟ್ಟಿದ್ದರೆ ಆ ಕಾಯಿ ಕೊಬ್ಬರಿಯಾಗುತ್ತಿತ್ತು.

ದಸರೆಯ ರಜೆಗೆ ಊರಿಗೆ ಹೋದೆ. ಊಟವಾದ ಮೇಲೆ ತಂದೆಯವರು, “ಆ ಪುಸ್ತಕ ತಂದಿದ್ದೀಯಾ, ಒಂದಿಷ್ಟು ನೋಡೋಣ” ಎಂದರು. ಓದಲು ಬಾರದವರು ಪುಸ್ತಕವನ್ನು ಏನು ನೋಡುತ್ತಾರೆಂದು ನಾನು ಎಣಿಸಿರಲಿಲ್ಲ. ಅವರಿಗೆ ಮುಟ್ಟಿ ನೋಡಬೇಕಾಗಿತ್ತು. ತಮ್ಮ ಕಾಯಿ ಏನಾಯಿತೆಂದು ಕೈಯಲ್ಲಿ ಹಿಡಿದು ತಿಳಿಯಬೇಕಾಗಿತ್ತು. ನನ್ನ ಬಳಿ ಪುಸ್ತಕವಿರಲಿಲ್ಲ. ಎರಡು ಮೂರು ಸುಳ್ಳುಗಳನ್ನು ಹುಡುಕಿ, ಒಂದೂ ನಾಲಿಗೆಗೆ ಬಾರದೆ, ಕಡೆಗೆ ಇದ್ದುದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಹೇಳಿದ ಮಾತು ಒಂದೇ: “ಫೇಲಾದೆ ಅಂತ ಬರೆದಿದ್ದರೆ ಅದಕ್ಕೂ ಮಾರುತ್ತಿದ್ದೆನಲ್ಲಪ್ಪ.”

ಅವರು ಬೈದಿದ್ದರೆ ನಾನು ಅದನ್ನು ಮರೆಯುತ್ತಿದ್ದೆನೋ ಏನೋ. ಆ ಮಾತಿನ ಅರ್ಥವನ್ನು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಸುಳ್ಳು ಹೇಳಿ ಅವರ ಹಣ ಪಡೆದೆನೆಂಬುದು ತಪ್ಪಿನ ಸಣ್ಣ ಭಾಗ. ಹಣವನ್ನು ಅವರು ಹೇಗೂ ಕೊಡುತ್ತಿದ್ದರು. ಅವರು ಏತಕ್ಕಾಗಿ ಕೊಡುತ್ತಿದ್ದಾರೆಂಬುದನ್ನು ನಾನು ಅವರಿಂದ ಕಸಿದುಕೊಂಡಿದ್ದೆ. ಕೊಡುವವನಿಗೆ ತಾನು ಏನನ್ನು ಕೊಡುತ್ತಿದ್ದೇನೆಂದು ತಿಳಿದಿದ್ದಾಗಲೇ ಅದು ಕೊಡುಗೆ. ಮಗನ ಸೋಲಿಗೆ ಹೆಗಲು ಕೊಡುವ ಅವಕಾಶ ಅವರಿಗೆ ಬಂದಿತ್ತು. ನಾನು ಅದನ್ನು ತಪ್ಪಿಸಿ, ಇಲ್ಲದ ಪುಸ್ತಕಕ್ಕೆ ಅವರ ಅಟ್ಟವನ್ನು ಬರಿದು ಮಾಡಿಸಿದೆ. ನೋವಾಗದಿರಲೆಂದು ಹೇಳುವ ಸುಳ್ಳು ಕರುಣೆಯ ವೇಷದಲ್ಲಿ ಬರುತ್ತದೆ. ಆದರೆ ಅದು ಎದುರಿನವರನ್ನು ಮಕ್ಕಳಂತೆ ನೋಡುತ್ತದೆ. ಇವರಿಗೆ ಸತ್ಯವನ್ನು ತಾಳುವ ಶಕ್ತಿಯಿಲ್ಲವೆಂದು ನಿರ್ಣಯಿಸುತ್ತದೆ. ಬರಗಾಲಗಳನ್ನು ತಾಳಿದವರು ಮಗನ ಎರಡು ವಿಷಯಗಳ ಸೋಲನ್ನು ತಾಳಲಾರರೆಂದು ನಾನು ನಿರ್ಣಯಿಸಿದ್ದೆ. ಆ ಅಹಂಕಾರವೇ ನನ್ನ ತಪ್ಪಿನ ದೊಡ್ಡ ಭಾಗ.

ಆದುದರಿಂದ ಹೊರಡುವವರಿಗೆ ನನ್ನ ಮೊದಲ ಮಾತು ಇದು: ಸೋತರೆ ಒಂದು ವಾರದೊಳಗೆ ಮನೆಗೆ ತಿಳಿಸಿ. ಆರಿಸಿಕೊಂಡ ವಿಷಯ ನಿಮಗೆ ಒಗ್ಗದೆಂದು ನಿಜವಾಗಿಯೂ ಅನ್ನಿಸಿದರೆ ಅದನ್ನೂ ತಿಳಿಸಿ. ಹೇಳಲು ತಡಮಾಡಿದ ಪ್ರತಿಯೊಂದು ದಿನವೂ ಸತ್ಯದ ಮೇಲೆ ಬಡ್ಡಿ ಬೆಳೆಯುತ್ತದೆ. ಮನೆಯವರ ಸಿಟ್ಟು ಒಂದು ದಿನದ್ದು. ಅವರ ನಂಬಿಕೆ ಮುರಿದರೆ ಅದನ್ನು ಜೋಡಿಸಲು ವರ್ಷಗಳು ಬೇಕು.

ಇನ್ನೊಂದು ಋಣದ ಮಾತಿದೆ. ಅದು ಪ್ರಸಾದನಿಲಯಗಳಲ್ಲಿ ಉಂಡು ಓದುವವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಒಂದು ಕಾಲದಲ್ಲಿ ನಮ್ಮ ನಾಡಿನಲ್ಲಿ ಬಡ ವಿದ್ಯಾರ್ಥಿಗೆ ವಿದ್ಯೆಗಿಂತ ಅನ್ನವೇ ದೊಡ್ಡ ಸಮಸ್ಯೆಯಾಗಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನದ ಪದ್ಧತಿಯಲ್ಲಿ ಓದಿದವರು ಅಸಂಖ್ಯ. ನಮ್ಮ ಜಿಲ್ಲೆಯ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ವಿದ್ಯೆಗಾಗಿ ತಾವು ಪಟ್ಟ ಪಾಡನ್ನು ‘ಭಿತ್ತಿ’ಯಲ್ಲಿ ಬರೆದಿಟ್ಟಿದ್ದಾರೆ, ಅದನ್ನು ಓದಿದವರು ತಟ್ಟೆಯಲ್ಲಿ ಅನ್ನ ಬಿಡಲು ಹಿಂಜರಿಯುತ್ತಾರೆ. ಇಂತಹ ಕಾಲದಲ್ಲಿ ಮಠಗಳೂ ದಾನಿಗಳೂ ಉಚಿತ ಪ್ರಸಾದನಿಲಯಗಳನ್ನು ತೆರೆದರು. ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯೆಗೆ ಮೀಸಲಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದರು. ಸಿದ್ಧಗಂಗೆ, ಸುತ್ತೂರು, ಸಿರಿಗೆರೆ, ಧಾರವಾಡದ ಮುರುಘಾಮಠ ಮೊದಲಾದವುಗಳ ಆಶ್ರಯದಲ್ಲಿ ಓದಿದವರ ಸಂಖ್ಯೆಯನ್ನು ಎಣಿಸಿ ಮುಗಿಸಲಾಗದು.

ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳ ವಿದ್ಯಾರ್ಥಿಜೀವನವನ್ನು ಇಲ್ಲಿ ನೆನೆಯಬೇಕು. ಮಾಗಡಿ ತಾಲ್ಲೂಕಿನ ವೀರಾಪುರದಿಂದ ಬಂದ ಶಿವಣ್ಣ ಎಂಬ ತರುಣರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದರು. 1930ರಲ್ಲಿ ಮಠದ ಹೊಣೆ ಅವರನ್ನು ಕರೆಯಿತು. ಅವರು ವಿರಕ್ತಾಶ್ರಮವನ್ನು ಸ್ವೀಕರಿಸಿದರು. ಪದವಿ ಕೈಗೆ ಬರಲಿಲ್ಲ. ಆದರೆ 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಸಾವಿರ ಸಾವಿರ ಮಕ್ಕಳು ಪದವಿ ಪಡೆಯುವುದಕ್ಕೆ ಅವರು ಅನ್ನ, ಅಕ್ಷರ, ಆಶ್ರಯಗಳನ್ನು ಒದಗಿಸಿದರು. ಓದನ್ನು ಅರ್ಧಕ್ಕೆ ಬಿಡಿ ಎಂಬುದಕ್ಕೆ ಈ ಉದಾಹರಣೆಯನ್ನು ಯಾರೂ ಬಳಸಬಾರದು. ಪದವಿಯು ಜೀವನದ ಅಳತೆಗೋಲಲ್ಲ, ಜೀವನಕ್ಕೆ ಸಿಕ್ಕುವ ಒಂದು ಉಪಕರಣ ಮಾತ್ರ ಎಂಬಷ್ಟನ್ನು ಇದರಿಂದ ತಿಳಿಯಬಹುದು.

ಹಾಗಾದರೆ ಪ್ರಸಾದನಿಲಯದಲ್ಲಿ ಉಂಡ ಅನ್ನ ಯಾರ ಋಣ? ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ನೆನೆದರೆ ಈ ಪ್ರಶ್ನೆ ಬಿಡುತ್ತದೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸ. ನೀಡಿದೆನೆಂಬ ಅಹಂಕಾರ ಅವನಲ್ಲಿ ಉಳಿಯಕೂಡದು. ನೀಡುವವನಲ್ಲಿ ಅಹಂಕಾರವಿಲ್ಲದ ಮೇಲೆ ಪಡೆಯುವವನಲ್ಲಿ ನಾಚಿಕೆ ಏಕಿರಬೇಕು? ಸಹಪಾಠಿಗಳ ಮುಂದೆ ತಾನು ಉಚಿತ ವಿದ್ಯಾರ್ಥಿನಿಲಯದವನೆಂದು ಹೇಳಿಕೊಳ್ಳಲು ಹಿಂಜರಿದು, ಬಸ್ ನಿಲ್ದಾಣದಲ್ಲಿ ಬೇರೆ ದಿಕ್ಕಿಗೆ ನಡೆದು ಸುತ್ತುಬಳಸಿ ಬರುವ ಹುಡುಗರನ್ನು ನಾನು ಬಲ್ಲೆ. ಅವರಿಗೆ ಹೇಳುವುದಿಷ್ಟೆ: ನಿಮ್ಮ ತಟ್ಟೆಗೆ ಬಂದ ಮುದ್ದೆಯಲ್ಲಿ ಹತ್ತೂರಿನ ಕಣದ ರಾಗಿ ಇದೆ. ಅದರಲ್ಲಿ ನಾಚಿಕೆಪಡುವಂತಹುದು ಏನೂ ಇಲ್ಲ.

ಆದರೆ ನಾಚಿಕೆಯಿಲ್ಲವೆಂದರೆ ಹೊಣೆಯಿಲ್ಲವೆಂದು ಅರ್ಥವಲ್ಲ. ರಾಗಿ ಕೊಟ್ಟ ಆ ಮನೆಗಳು ಯಾವುವೆಂದು ನಿಮಗೆ ತಿಳಿಯದು. ತಿಳಿದರೂ ಅವರು ಹಿಂದಕ್ಕೆ ಪಡೆಯಲಾರರು. ಹಿಂದಕ್ಕೆ ಸಲ್ಲಿಸಲಾಗದ ಋಣವನ್ನು ಮುಂದಕ್ಕೆ ಸಲ್ಲಿಸಬೇಕು. ಓದು ಮುಗಿಸಿ ಸಂಪಾದಿಸತೊಡಗಿದ ಮೇಲೆ ಒಬ್ಬ ಹುಡುಗನ, ಒಬ್ಬ ಹುಡುಗಿಯ ಶುಲ್ಕವನ್ನು ಕಟ್ಟಿದರೆ ಅದು ದಾನವಲ್ಲ, ಸಾಲದ ಕಂತು. ಅಲ್ಲಿಯವರೆಗೆ ಕಾಯುವುದೂ ಬೇಡ. ಪಂಕ್ತಿಯಲ್ಲಿ ಬಡಿಸುವುದು, ತನ್ನ ತಟ್ಟೆಯನ್ನು ತಾನೇ ತೊಳೆಯುವುದು, ಕಿರಿಯರಿಗೆ ಒಂದು ಗಂಟೆ ಗಣಿತ ಹೇಳಿಕೊಡುವುದು — ಇವೆಲ್ಲ ಇಂದೇ ಮಾಡಬಹುದಾದ ಕಾಯಕ. ಮಠಗಳ ಹಳೆಯ ವಿದ್ಯಾರ್ಥಿಗಳಾದ ವಾಚಕರು ತಮ್ಮ ಕಂತು ಎಲ್ಲಿಗೆ ಬಂದಿದೆಯೆಂದು ಒಮ್ಮೆ ಲೆಕ್ಕ ನೋಡಿಕೊಳ್ಳುವುದು ಒಳ್ಳೆಯದು. ನಾನೂ ನೋಡಿಕೊಳ್ಳುತ್ತಿದ್ದೇನೆ, ಬಾಕಿ ಇನ್ನೂ ಇದೆ.

ಈಗ ಕೆಲವು ವ್ಯಾವಹಾರಿಕ ಮಾತುಗಳು. ಹಣದ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೊಬೈಲಿನಿಂದ ಪಾವತಿ ಮಾಡುವ ಈ ಕಾಲದಲ್ಲಿ ಹಣ ಕೈಯಿಂದ ಹೋಗುವುದು ಕಣ್ಣಿಗೆ ಕಾಣುವುದಿಲ್ಲ, ಬರೆದಾಗ ಕಾಣುತ್ತದೆ. ಗುರುತಿಲ್ಲದ ಆ್ಯಪುಗಳಿಂದ ಸಾಲ ಪಡೆಯಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರಲ್ಲಿ ಕಾನೂನು ಮಾಡಿದೆ. ಕಾನೂನು ಇರಲಿ ಬಿಡಲಿ, ಇನ್ನೊಬ್ಬನ ಸೋಲಿನಿಂದ ಬರುವ ಹಣ ಕಾಯಕದ ಹಣವಲ್ಲವೆಂಬುದು ನಮಗೆ ಮೊದಲೇ ತಿಳಿದಿರಬೇಕು.

ಮೊದಲ ಕೆಲವು ವಾರ ಮನೆಯ ನೆನಪು ಕಾಡುವುದು ಸಹಜ. ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಟಲು ಕಟ್ಟುತ್ತದೆ. ಇದು ದೌರ್ಬಲ್ಯವಲ್ಲ, ಪ್ರೀತಿಯಿದ್ದ ಮನೆಯಿಂದ ಬಂದಿದ್ದೀರೆಂಬುದರ ಗುರುತು. ಆ ಹೊತ್ತಿನಲ್ಲಿ ಒಬ್ಬರೇ ಕೋಣೆಯಲ್ಲಿ ಕುಳಿತು ಮೊಬೈಲನ್ನು ನೋಡುವ ಬದಲು ನಾಲ್ಕು ಜನರಿರುವ ಕಡೆ ಹೋಗಿ, ಮೈದಾನದಲ್ಲಿ ಓಡಾಡಿ, ಗ್ರಂಥಾಲಯದ ದಾರಿ ಮಾಡಿಕೊಳ್ಳಿ. ನಿದ್ರೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದರೆ ಅದನ್ನು ಒಳಗೇ ಇಟ್ಟುಕೊಳ್ಳಬಾರದು. ಜ್ವರಕ್ಕೆ ವೈದ್ಯರಿರುವಂತೆ ಇದಕ್ಕೂ ವೈದ್ಯರಿದ್ದಾರೆ. ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಹಿರಿಯ ವಿದ್ಯಾರ್ಥಿಗಳು ರ‍್ಯಾಗಿಂಗ್ ಮಾಡಿದರೆ ಅದನ್ನು ಸಹಿಸಿಕೊಳ್ಳುವುದು ವಿನಯವಲ್ಲ. ಅದು ಅಪರಾಧ. 1800-180-5522 ಎಂಬ ಸಂಖ್ಯೆ ಇರುವುದು ಆ ದೂರಿಗಾಗಿಯೇ. ಇಂದು ನೀವು ಮೌನವಾಗಿ ಸಹಿಸಿದರೆ ಮುಂದಿನ ವರ್ಷ ಇನ್ನೊಬ್ಬರ ಮಗು ಸಹಿಸಬೇಕಾಗುತ್ತದೆ. ಇನ್ನು, ಮುಂದಿನ ವರ್ಷ ನೀವೇ ಹಿರಿಯರಾದಾಗ ನಿಮ್ಮ ಕೈ ಎತ್ತ ಚಾಚುತ್ತದೆಂಬುದೂ ಮೇಲೆ ಹೇಳಿದ ಪರೀಕ್ಷೆಯ ಒಂದು ಭಾಗವೇ.

ತಂದೆತಾಯಿಗಳಲ್ಲಿಯೂ ಎರಡು ವಿನಂತಿಗಳಿವೆ. ಸೋಲಿನ ಸುದ್ದಿ ಬಂದಾಗ ನಿಮ್ಮ ಮೊದಲ ಮಾತು ಏನಿರಬೇಕೆಂದು ಈಗಲೇ ಯೋಚಿಸಿಟ್ಟುಕೊಳ್ಳಿ. ಸತ್ಯ ಹೇಳಿದ ದಿನ ಮಗುವಿಗೆ ಶಿಕ್ಷೆಯಾದರೆ ಮರುದಿನದಿಂದ ನಿಮಗೆ ಸುಳ್ಳೇ ಕೇಳಿಸುತ್ತದೆ. ಎರಡನೆಯದು ಹೆಣ್ಣುಮಕ್ಕಳ ವಿಷಯ. ಮಗನನ್ನು ಬೆಂಗಳೂರಿಗೆ ಕಳುಹಿಸಿ ಮಗಳನ್ನು ಹತ್ತಿರದಲ್ಲಿ ಯಾವುದಿದೆಯೋ ಅದಕ್ಕೆ ಸೇರಿಸುವ ಮನೆಗಳು ಇಂದಿಗೂ ಇವೆ. ಅರಸೀಕೆರೆ, ಬೇಲೂರುಗಳಲ್ಲಿಯೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿರುವುದು, 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳು ಹಾಸನದವರೆಗೆ ಟಿಕೀಟಿನ ಖರ್ಚಿಲ್ಲದೆ ಸರ್ಕಾರಿ ಬಸ್ಸಿನಲ್ಲಿ ಹೋಗಿ ಓದುವಂತಾದುದು ದೊಡ್ಡ ಅನುಕೂಲವೇ. ಆದರೆ ಮಗಳ ಬುದ್ಧಿ ಮತ್ತು ಆಸಕ್ತಿ ದೂರದ ಕಾಲೇಜನ್ನು ಬೇಡುತ್ತಿದ್ದಾಗ ಬಸ್ಸಿನ ದೂರಕ್ಕೆ ಅವಳನ್ನು ಅಳೆಯುವುದು ನ್ಯಾಯವಲ್ಲ. ಉಡುತಡಿಯಿಂದ ಕಲ್ಯಾಣದವರೆಗೆ ಒಬ್ಬಳೇ ನಡೆದ ಅಕ್ಕನನ್ನು ಪೂಜಿಸುವ ನಾವು ಮಗಳನ್ನು ರೈಲು ಹತ್ತಿಸಲು ಹೆದರುವುದು ಹೇಗೆ? ಮಗನ ಮೇಲೆ ಇಟ್ಟ ನಂಬಿಕೆಯನ್ನು ಮಗಳ ಮೇಲೂ ಇಡಿ. ಮಗಳಿಗೆ ಹೇಳುವ ಎಚ್ಚರಿಕೆಯನ್ನು ಮಗನಿಗೂ ಹೇಳಿ.

ಕಡೆಯದಾಗಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಹೀಗೆ ಹೊರಗೆ ಕಳುಹಿಸಿದರೆ ಮಕ್ಕಳು ಊರಿಗೆ ಹಿಂತಿರುಗುವುದಿಲ್ಲ, ಮನೆಗಳು ಬರಿದಾಗುತ್ತವೆ ಎಂದು ಹಿರಿಯರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ದೋರಸಮುದ್ರವೆಂಬ ರಾಜಧಾನಿಯು ಹಳೆಯ ಬೀಡಾಗಿ, ಹಳೇಬೀಡೆಂಬ ಹೆಸರನ್ನೇ ಪಡೆದುದನ್ನು ಕಂಡವರು ನಾವು. ಜನ ಬಿಟ್ಟುಹೋದ ನೆಲೆಗೆ ಆ ಹೆಸರು ಎಂದಾದರೂ ಬರುತ್ತದೆ. ಎಲ್ಲರೂ ಹಿಂತಿರುಗಿ ಬಂದು ತೋಟ ಮಾಡಿರಿ ಎಂದು ನಾನು ಹೇಳಲಾರೆ. ನಾನೇ ನೌಕರಿಯ ದಾರಿ ಹಿಡಿದು ಬಹುಕಾಲ ಹೊರಗಿದ್ದವನು. ಬಸವಣ್ಣನವರೂ ಎಳೆಯ ಪ್ರಾಯದಲ್ಲಿ ಬಾಗೇವಾಡಿಯ ಮನೆಯನ್ನು ಬಿಟ್ಟು ಅರಿವನ್ನರಸಿ ಕೂಡಲಸಂಗಮಕ್ಕೆ ಹೋದವರೇ. ಹೊಸ್ತಿಲು ದಾಟುವುದೇ ಮನೆಗೆ ಮಾಡುವ ದ್ರೋಹವಲ್ಲ. ಎಲ್ಲಿದ್ದರೂ ಮನೆಗೆ ಉತ್ತರ ಹೇಳಬೇಕಾದವನು ನಾನೆಂಬ ಅರಿವು ಹೋದರೆ ಮಾತ್ರ ಮನೆ ನಿಜವಾಗಿಯೂ ಹಳೆಯ ಬೀಡಾಗುತ್ತದೆ. ಆ ಅರಿವನ್ನು ಕಳೆದುಕೊಂಡವನು ಪಕ್ಕದ ಬೀದಿಯಲ್ಲಿಯೇ ಇದ್ದರೂ ದೂರದವನೇ.

ನನ್ನ ತಂದೆಯವರು ಇಂದು ಇಲ್ಲ. ಅವರ ಕೈಗೆ ಕೊಡಬೇಕಾಗಿದ್ದ ಪುಸ್ತಕವನ್ನು ನಾನು ಮರುವರ್ಷ ಕೊಂಡು ತಂದು ತೋರಿಸಿದೆ. ಅವರು ಅದನ್ನು ಎರಡೂ ಕೈಗಳಲ್ಲಿ ಹಿಡಿದು, ತಿರುಗಿಸಿ ನೋಡಿ, ದೇವರ ಗೂಡಿನ ಪಕ್ಕದಲ್ಲಿಟ್ಟರು. ಏನೂ ಹೇಳಲಿಲ್ಲ. ಆ ಎರಡು ವಿಷಯಗಳಲ್ಲಿ ಉತ್ತೀರ್ಣನಾದೆನೆಂಬ ಸುದ್ದಿಯನ್ನು ಅದೇ ದಿನ ತಿಳಿಸಿದೆ. ಅವರ ಮನಿಯಾರ್ಡರಿನ ಚೀಟಿ ಇಂದಿಗೂ ನನ್ನ ಬಳಿ ಇದೆ. ಮಸಿ ಮಾಸಿದರೂ ಅಟ್ಟದ ಕಾಯಿ ಎಂಬ ಎರಡು ಪದಗಳು ಸ್ಪಷ್ಟವಾಗಿವೆ.

ಈ ವರ್ಷ ರೈಲು ಹತ್ತುವ ಮಕ್ಕಳೇ, ನಿಮಗೆ ಕಳುಹಿಸುವ ಹಣ ಈಗ ಕ್ಷಣಮಾತ್ರದಲ್ಲಿ ಮೊಬೈಲಿಗೆ ಬಂದು ಬೀಳುತ್ತದೆ. ಅದರ ಜೊತೆಯಲ್ಲಿ ಚೀಟಿ ಬರುವುದಿಲ್ಲ. ಯಾವ ಅಟ್ಟ ಬರಿದಾಯಿತೆಂದು ಯಾರೂ ಬರೆದು ತಿಳಿಸುವುದಿಲ್ಲ. ಅದನ್ನು ನೀವೇ ಕೇಳಿ ತಿಳಿದುಕೊಳ್ಳಬೇಕು. ಹೋಗಿಬನ್ನಿ. ಚೆನ್ನಾಗಿ ಓದಿ. ಹೊತ್ತಿಗೆ ಸರಿಯಾಗಿ ಉಣ್ಣಿ. ಮನೆಗೆ ನಿಜವನ್ನು ಹೇಳಿ. ನಿಮಗೆ ಶುಭವಾಗಲಿ.